ಹೋಗಿ ಬಂದದ್ದಕ್ಕೆ ಲೆಕ್ಕ ಇದೆ, ಕಲಿತದ್ದಕ್ಕೆ?

(ತೀರ್ಥಹಳ್ಳಿಯಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಆಮೇಲೆ ಮನೆಯಲ್ಲಿ ಕೂತು ಬರೆದದ್ದು. ಕರೆಂಟು ಹೋಗಿ ಮೈಕು ನಿಂತ ಹತ್ತು ನಿಮಿಷ ಬಿಟ್ಟರೆ ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ನಿವೃತ್ತಿಯಾಗುವ ವಾರ ಶಾಲೆಯಲ್ಲಿ ನನ್ನ ಬೀರು ಖಾಲಿ ಮಾಡುವಾಗ ಒಂದು ದಪ್ಪ ಫೈಲು ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ 'ಹೊರಸಂಚಾರ' ಎಂದು ಬರೆದಿತ್ತು. ಒಳಗೆ ಏನೇನಿತ್ತು ಹೇಳುತ್ತೇನೆ. ಅನುಮತಿ ಕೋರಿದ ಪತ್ರಗಳು, ಅನುಮತಿ ಕೊಟ್ಟ ಪತ್ರಗಳು, ಬಸ್ಸಿನ ಬಿಲ್ಲು, ಹೋಟೆಲಿನ ಬಿಲ್ಲು, ಪೋಷಕರ ಒಪ್ಪಿಗೆ ಚೀಟಿಗಳು, ಜೋಗದ ಮುಂದೆ ಸಾಲಾಗಿ ನಿಂತ ಮಕ್ಕಳ ಫೋಟೋ, ಕವಿಶೈಲದಲ್ಲಿ ಸಾಲಾಗಿ ನಿಂತ ಮಕ್ಕಳ ಫೋಟೋ. ಪ್ರತಿ ವರ್ಷಕ್ಕೂ ಕೊನೆಯಲ್ಲಿ ಒಂದು ವರದಿ. ಅದರ ಕೊನೆಯ ಸಾಲು ಎಲ್ಲ ವರ್ಷವೂ ಒಂದೇ: 'ಮಕ್ಕಳು ಬಹಳ ಸಂತೋಷಪಟ್ಟರು ಹಾಗೂ ಅನೇಕ ವಿಷಯಗಳನ್ನು ತಿಳಿದುಕೊಂಡರು.'

ಯಾವ ವಿಷಯ? ಎಷ್ಟು ಮಕ್ಕಳು? ಮೊದಲು ಗೊತ್ತಿರಲಿಲ್ಲವೇ? ಒಂದು ಸಾಲೂ ಇಲ್ಲ. ನಾವು ಹೋಗಿ ಬಂದೆವು ಅನ್ನುವುದಕ್ಕೆ ಕೋರ್ಟಿನಲ್ಲಿ ನಿಲ್ಲುವಂಥ ದಾಖಲೆ ಇದೆ. ಮಕ್ಕಳು ಏನಾದರೂ ಕಲಿತರು ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಇಲ್ಲದ ಚೀಟಿಯ ಬಗ್ಗೆ.

ಒಂದು ವರ್ಷ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿದ್ದೆವು. ನಿಮಗೆಲ್ಲ ಗೊತ್ತಿರುವುದೇ, ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆಗಳ ಸ್ನಾನ ಬೆಳಗ್ಗೆಯೇ ಮುಗಿಯುತ್ತದೆ, ಆಮೇಲೆ ಅವು ಕಾಡಿಗೆ ವಾಪಸು. ನಾನು ದಾರಿಯಲ್ಲಿ ತಿಂಡಿಗೆ ಬಸ್ಸು ನಿಲ್ಲಿಸಿದೆ. ಪೂರಿ ಬರುವುದು ತಡವಾಯಿತು, ಮಕ್ಕಳು ಎರಡನೇ ಸಲ ಸಾಗು ಕೇಳಿದರು, ನಾನೂ ಕೇಳಿದೆ. ತಲುಪಿದಾಗ ಒಂದು ಆನೆಯೂ ಇರಲಿಲ್ಲ. ಒದ್ದೆ ದಡ, ಲದ್ದಿ, ಅಷ್ಟೇ. ತಪ್ಪು ಪೂರ್ತಿ ನನ್ನದು. ಆದರೆ ನಾನು ಹೇಳಹೊರಟ ಸಂಗತಿ ಅದಲ್ಲ. ಸೋಮವಾರ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿದೆ. ತಿದ್ದುತ್ತಾ ಕೂತರೆ ಅರ್ಧಕ್ಕರ್ಧ ಮಕ್ಕಳ ಪುಸ್ತಕದಲ್ಲಿ ಆನೆ ಸ್ನಾನ ಮಾಡುತ್ತಿದೆ! 'ಆನೆಗಳು ಸೊಂಡಿಲಿನಿಂದ ನೀರು ಚಿಮ್ಮಿಸುತ್ತಿದ್ದ ದೃಶ್ಯ ಕಣ್ಮನ ಸೆಳೆಯಿತು' ಅಂತ ಬರೆದಿದ್ದಾರೆ. ಮಕ್ಕಳು ಸುಳ್ಳು ಹೇಳಿದರು ಅನ್ನಲಾರೆ. ಪ್ರವಾಸದ ಪ್ರಬಂಧ ಅಂದರೆ ಹೇಗಿರಬೇಕು ಅಂತ ಅವರಿಗೆ ನಾವೇ ಕಲಿಸಿದ್ದೇವೆ, ಅದನ್ನು ಬರೆದುಕೊಟ್ಟರು. ಹೋಗದೇ ಇದ್ದರೂ ಅದನ್ನೇ ಬರೆದುಕೊಡುತ್ತಿದ್ದರು.

ಅವತ್ತಿನಿಂದ ಪ್ರವಾಸಾನಂತರದ ಪ್ರಬಂಧವನ್ನು ನಾನು ಸಾಕ್ಷಿ ಅಂತ ಒಪ್ಪುವುದನ್ನು ಬಿಟ್ಟೆ. ಫೀಡ್‌ಬ್ಯಾಕ್ ಫಾರಂ ಕೂಡ ಅಷ್ಟೇ. 'ಕಾರ್ಯಕ್ರಮ ಹೇಗಿತ್ತು?' ಅಂತ ಕೇಳಿದರೆ, ಮೇಷ್ಟ್ರು ಎದುರಿಗೇ ನಿಂತಿರುವಾಗ 'ಚೆನ್ನಾಗಿತ್ತು ಸಾರ್' ಅನ್ನದೆ ಯಾವ ಹುಡುಗ ಏನು ಹೇಳಿಯಾನು?

ಹಾಗಾದರೆ ಮಾಡುವುದೇನು? ನನಗೆ ಹೊಳೆದ ದಾರಿ ಸರಳ, ಆದರೆ ಅದಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ಹೊರಡುವ ಮೊದಲು ಒಂದು ಹಾಳೆ ತೆಗೆದುಕೊಂಡು, ವಾಪಸು ಬಂದ ಮೇಲೆ ಯಾವುದು ಬದಲಾಗಿರಬೇಕು ಅಂತ ಒಂದೇ ಒಂದು ವಾಕ್ಯ ಬರೆಯುವುದು. 'ಪರಿಸರ ಪ್ರಜ್ಞೆ ಮೂಡಬೇಕು' ಅಂತ ಬರೆದರೆ ನಡೆಯದು. ಮೂಡಿತೋ ಇಲ್ಲವೋ ನೋಡುವುದು ಹೇಗೆ? 'ನಮ್ಮ ಹಳ್ಳದಲ್ಲಿ ಬದುಕುವ ಐದು ಜೀವಿಗಳನ್ನು ಮಗು ನೋಡಿ ಗುರುತಿಸಬೇಕು, ಅವು ನೀರಿನ ಯಾವ ಜಾಗದಲ್ಲಿ ಸಿಗುತ್ತವೆ ಅಂತ ಹೇಳಬೇಕು' ಅಂತ ಬರೆದರೆ ನಡೆಯುತ್ತದೆ. ಅದನ್ನು ಹೋಗುವ ಮೊದಲೂ ಕೇಳಬಹುದು, ಬಂದ ಮೇಲೂ ಕೇಳಬಹುದು. ಆ ವಾಕ್ಯ ಬರೆಯಲು ಆಗಲಿಲ್ಲವೋ, ಅದು ವಿಹಾರ ಅಂತ ತಿಳಿದು ಸಂತೋಷವಾಗಿ ಹೋಗಿ ಬನ್ನಿ. ವಿಹಾರವೂ ಮಕ್ಕಳಿಗೆ ಬೇಕು. ಅದಕ್ಕೆ ಕಲಿಕೆಯ ಟೋಪಿ ಹಾಕುವುದು ಬೇಡ, ಅಷ್ಟೇ.

ಆ ವಾಕ್ಯ ಬರೆಯಲು ಶುರು ಮಾಡಿದ ಮೇಲೆ ತಾನಾಗಿ ಇನ್ನೊಂದು ಆಯಿತು: ಜಾಗ ಹತ್ತಿರ ಬಂತು. ವರ್ಷಕ್ಕೊಂದು ಸಲ ಜೋಗಕ್ಕೆ ಹೋದರೆ ಮಗು ನೋಡುವುದು ಒಂದು ದಿನದ ಜೋಗ. 253 ಮೀಟರ್ ಎತ್ತರದಿಂದ ನೀರು ಬೀಳುತ್ತದೆ ಅನ್ನುವುದು ಬೋರ್ಡಿನ ಮೇಲೆಯೇ ಇದೆ, ಬಾಯಿಪಾಠ ಮಾಡುವುದಕ್ಕೆ ಅಲ್ಲಿಯ ತನಕ ಹೋಗಬೇಕಿಲ್ಲ. ಶಾಲೆಯ ಹಿಂದಿನ ಹಳ್ಳಕ್ಕೆ ಹತ್ತು ಸಲ ಹೋದರೆ ನೋಡುವುದು ಹತ್ತು ಬೇರೆ ಬೇರೆ ಹಳ್ಳ. ಜೂನ್ ಮೊದಲ ವಾರದ ಕೆಂಪು ನೀರು, ಅಕ್ಟೋಬರಿನ ತಿಳಿನೀರು, ಫೆಬ್ರವರಿಯಲ್ಲಿ ಬಂಡೆಗಳ ನಡುವೆ ನಿಂತ ಗುಂಡಿಗಳು. ಹೋಲಿಸಿ ನೋಡುವುದಕ್ಕೆ ಎರಡಾದರೂ ಬೇಕಲ್ಲ. ಒಂದೇ ಸಲ ನೋಡಿದ್ದರಲ್ಲಿ ಹೋಲಿಕೆ ಎಲ್ಲಿಂದ ಬರಬೇಕು?

ನಮ್ಮ ಹಳ್ಳಕ್ಕೆ ಹೆಸರೂ ಇರಲಿಲ್ಲ. ಶಾಲೆಯಿಂದ ನಡೆದರೆ ಎಂಟು ನಿಮಿಷ. ಒಂದು ಕಾಲುಸಂಕ, ಅದರ ಕೆಳಗೆ ಮೊಣಕಾಲುದ್ದ ನೀರು. ಹರಿದ ಸೊಳ್ಳೆಪರದೆಯನ್ನು ದಪ್ಪ ತಂತಿಯ ಬಳೆಗೆ ಹೊಲಿದು ಬಲೆ ಮಾಡಿಕೊಂಡಿದ್ದೆವು. ಬಿಳಿ ಪಿಂಗಾಣಿ ತಟ್ಟೆ ಎರಡು. ಒಬ್ಬ ಕಲ್ಲು ಎತ್ತಿ ಕೈಯಲ್ಲಿ ಉಜ್ಜಬೇಕು, ಇನ್ನೊಬ್ಬ ಕೆಳಹರಿವಿನಲ್ಲಿ ಬಲೆ ಹಿಡಿಯಬೇಕು, ಮೂರನೆಯವರು ಬಲೆಯನ್ನು ತಟ್ಟೆಯ ನೀರಿನಲ್ಲಿ ಅಲ್ಲಾಡಿಸಬೇಕು. ಮೊದಲ ಒಂದು ನಿಮಿಷ ತಟ್ಟೆಯಲ್ಲಿ ಬರೀ ಕಸ ಕಾಣುತ್ತದೆ. ಮಕ್ಕಳು 'ಎಂತದೂ ಇಲ್ಲ ಸಾರ್' ಅನ್ನುತ್ತಾರೆ. ಸುಮ್ಮನೆ ಇರಬೇಕು. ಆಗ ಕಸ ನಡೆಯಲು ಶುರುವಾಗುತ್ತದೆ. ಒಂದು ಕಡ್ಡಿಯ ಚೂರು ತನ್ನಷ್ಟಕ್ಕೆ ಹೊರಟುಬಿಡುತ್ತದೆ. ಅದು ಕಡ್ಡಿಯಲ್ಲ, ಮರಳಿನ ಕಣ, ಎಲೆ ಚೂರು ಅಂಟಿಸಿ ಕೊಳವೆ ಕಟ್ಟಿಕೊಂಡು ಅದರೊಳಗೆ ಕೂತ ಹುಳ. ಬಾಲದಲ್ಲಿ ಮೂರು ಎಳೆ ಇರುವ ಚಪ್ಪಟೆ ಹುಳವೊಂದು ತಟ್ಟೆಯ ಅಂಚಿಗೆ ಅಂಟಿಕೊಳ್ಳುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಇರುತ್ತದೆ ಅನ್ನುವುದನ್ನು ಮಕ್ಕಳು ನಂಬುವುದೇ ಇಲ್ಲ. ಅಷ್ಟು ವಿಕಾರವಾಗಿರುತ್ತದೆ ಅದು.

ಕಾಲುಸಂಕದ ತನಕ ಇಳಿಯಲಾರದ ಒಬ್ಬ ಹುಡುಗನಿದ್ದ, ಕಾಲು ತೊಂದರೆ. ಅವನಿಗಾಗಿ ತಟ್ಟೆಗಳನ್ನು ರಸ್ತೆಗೆ ತಂದೆವು, ಅಲ್ಲೇ ಎಲ್ಲರೂ ಕೂತೆವು. ಆಮೇಲೆ ಗೊತ್ತಾಯಿತು, ಎಲ್ಲರಿಗೂ ಅದೇ ಒಳ್ಳೆಯದು ಅಂತ. ನೀರಿನಲ್ಲಿ ನಿಂತ ಮಕ್ಕಳು ನೀರು ಎರಚುತ್ತಾರೆ, ರಸ್ತೆಯಲ್ಲಿ ಕೂತವರು ತಟ್ಟೆ ನೋಡುತ್ತಾರೆ.

ಮಳೆ ಅಳೆಯುವುದು ಇನ್ನೂ ಸುಲಭ, ಹೊರಗೆ ಹೋಗುವುದೂ ಬೇಡ, ಅಂಗಳ ಸಾಕು. ಎರಡು ಲೀಟರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ಆಲಿಕೆಯ ಹಾಗೆ ಬೋರಲು ಹಾಕುವುದು ಎಲ್ಲರಿಗೂ ಗೊತ್ತು. ಎಲ್ಲರೂ ಮಾಡುವ ತಪ್ಪು ತಳದಲ್ಲಿದೆ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ. ಅಲ್ಲಿಂದ ಸ್ಕೇಲು ಹಿಡಿದರೆ ಲೆಕ್ಕ ಕೆಟ್ಟಿತು. ತಳಕ್ಕೆ ಸಣ್ಣ ಕಲ್ಲು ತುಂಬಿ, ನೇರವಾದ ಭಾಗ ಶುರುವಾಗುವ ತನಕ ನೀರು ಹಾಕಿ, ಅಲ್ಲಿ ಸೊನ್ನೆ ಗುರುತು ಮಾಡಬೇಕು. ಮರದ ಕೆಳಗೆ, ಸೂರಿನ ಹತ್ತಿರ ಇಡಬಾರದು. ಹವಾಮಾನ ಇಲಾಖೆಯವರು ಬೆಳಗ್ಗೆ 8.30ಕ್ಕೆ ಓದುತ್ತಾರೆ, ನಾವೂ ಅದೇ ಹೊತ್ತಿಗೆ. ಹೋಲಿಸಬೇಕಲ್ಲ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ಅಂದರೆ ಬೇಕಾದ ದಿನವೇ ಓದು ತಪ್ಪಿಹೋಗುತ್ತದೆ! ಅದಕ್ಕೇ ನಮ್ಮ ಬಾಟಲಿ ಶಾಲೆಗೆ ಅಂಟಿದ ಮನೆಯ ಹುಡುಗಿಯೊಬ್ಬಳ ಅಂಗಳಕ್ಕೆ ಹೋಯಿತು.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸರಿಯಾಗಿ ಒಂದು ಲೀಟರ್. ಇದನ್ನು ಪಾಠದಲ್ಲಿ ಎಷ್ಟು ಸಲ ಹೇಳಿದರೂ ಹೋಗದಿದ್ದದ್ದು, ಶಾಲೆಯ ಮಾಡನ್ನು, ಅಂದರೆ ಛಾವಣಿಯನ್ನು, ಮಕ್ಕಳೇ ಟೇಪು ಹಿಡಿದು ಅಳೆದ ದಿನ ತಲೆಗೆ ಹೋಯಿತು. ಮಾಡು 200 ಚದರ ಮೀಟರ್, ಒಂದು ದಿನದ ಮಳೆ 120 ಮಿ.ಮೀ., ಗುಣಿಸಿದರೆ 24,000 ಲೀಟರ್. ಕರಿಹಲಗೆಯ ಮೇಲೆ ಆ ಸಂಖ್ಯೆ ಬಿದ್ದಾಗ ಹಿಂದಿನ ಬೆಂಚಿನ ಹುಡುಗ ಕೇಳಿದ: 'ಹಂಗಾರೆ ಮಾರ್ಚಲ್ಲಿ ನಲ್ಲೀಲಿ ನೀರು ಎಂತಕ್ಕೆ ಬರದಿಲ್ಲ ಸಾರ್?' ಉತ್ತರ ಹೇಳಲು ನನಗೆ ಎರಡು ಪೀರಿಯಡ್ ಬೇಕಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಬೆಟ್ಟದ ಗೋಡೆಗೆ ಮೋಡ ತಾಗಿ ಅಲ್ಲೇ ಸುರಿದು, ಒಳನಾಡಿಗೆ ಬರುವಷ್ಟರಲ್ಲಿ ಬಡವಾಗುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಜಿಲ್ಲೆ ಇನ್ನೊಂದಿದೆಯೇ?

ಈಗ ಅಡಿಕೆ ತೋಟಕ್ಕೆ ಬರುತ್ತೇನೆ. ಹತ್ತನೇ ತರಗತಿಯ ಪುಸ್ತಕದ ಮೊದಲ ಪಾಠದಲ್ಲೇ ಒಂದು ಪ್ರಯೋಗ ಇದೆ: ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದರೆ ಮೊಳೆಯ ಮೇಲೆ ಕೆಂಪುಕಂದು ಬಣ್ಣ ಕೂರುತ್ತದೆ. ಸ್ಥಾನಪಲ್ಲಟ ಕ್ರಿಯೆ. ವರ್ಷವರ್ಷವೂ ಪರೀಕ್ಷೆಗೆ ಬರುತ್ತದೆ, ವರ್ಷವರ್ಷವೂ ಮಕ್ಕಳು ತಪ್ಪು ಬರೆಯುತ್ತಾರೆ. ಒಮ್ಮೆ ಜುಲೈಯಲ್ಲಿ ಮಳೆ ಎರಡು ದಿನ ಹೊಳವಾದಾಗ ಒಬ್ಬರ ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಯುತ್ತಿದ್ದರು. ಮಾತಾಡಿಕೊಂಡು ತರಗತಿಯನ್ನು ಕರೆದುಕೊಂಡು ಹೋದೆ. ಔಷಧಿ ಕಲಸುವ ಜಾಗದಿಂದ ಹತ್ತು ಹೆಜ್ಜೆ ಆಚೆ ನಿಲ್ಲಿಸಿದೆ, ಯಾರೂ ಮುಟ್ಟುವಂತಿಲ್ಲ. ಒಂದು ಕಿಲೋ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಶೇಕಡಾ ಒಂದರ ಬೋರ್ಡೋ ದ್ರಾವಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಆಮೇಲೆ ಸೇರಿಸಿ, ಆಕಾಶ ನೀಲಿ ಬಣ್ಣ ಬಂದ ಮೇಲೆ ತೋಟದ ಯಜಮಾನರು ಸೊಂಟದಿಂದ ಕತ್ತಿ ತೆಗೆದು ಅದರ ತುದಿಯನ್ನು ದ್ರಾವಣದಲ್ಲಿ ಅದ್ದಿ ಹಿಡಿದರು. ಮೇಲೆತ್ತಿ ನೋಡಿದರು. ಕತ್ತಿಯ ಅಲಗಿನ ಮೇಲೆ ಸಣ್ಣಗೆ ಕೆಂಪು. 'ಸುಣ್ಣ ಸಾಲದು' ಅಂದರು. ಇನ್ನಷ್ಟು ಸುಣ್ಣದ ನೀರು ಹಾಕಿ, ಕತ್ತಿ ಒರೆಸಿ ಮತ್ತೆ ಅದ್ದಿದರು. ಈ ಸಲ ಅಲಗು ಹಾಗೇ ಇತ್ತು.

ನನ್ನ ಪಕ್ಕ ನಿಂತಿದ್ದ ಹುಡುಗ ರಸಾಯನಶಾಸ್ತ್ರದಲ್ಲಿ ಯಾವತ್ತೂ ಪಾಸಾಗದವನು. ಅವನು ತನ್ನಷ್ಟಕ್ಕೆ ಅಂದ: 'ಇದು ನಮ್ಮ ಅಜ್ಜ ಯಾವಾಗ್ಲೂ ಮಾಡ್ತ್ರು.' ಸ್ವಲ್ಪ ಹೊತ್ತು ಬಿಟ್ಟು, 'ಸಾರ್, ಇದೇ ಅಲ್ದಾ ಮೊಳೆ ಪ್ರಯೋಗ?' ಅವನು ಮಗುವಾಗಿದ್ದಾಗಿನಿಂದ ಆ ಪ್ರಯೋಗ ನೋಡಿದ್ದ. ಸುಣ್ಣಕ್ಕೆ ಸಿಗದ ತಾಮ್ರ ಉಳಿದಿದ್ದರೆ ಕಬ್ಬಿಣದ ಮೇಲೆ ಕೂರುತ್ತದೆ, ಎಲ್ಲ ತಾಮ್ರವನ್ನೂ ಸುಣ್ಣ ಹಿಡಿದುಕೊಂಡಿದ್ದರೆ ಕೂರುವುದಿಲ್ಲ. ಅವನ ಅಜ್ಜನಿಗೆ ಅದು ಗೊತ್ತಿತ್ತು, ಸೂತ್ರ ಗೊತ್ತಿರಲಿಲ್ಲ. ನನಗೆ ಸೂತ್ರ ಗೊತ್ತಿತ್ತು, ಕತ್ತಿ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅಡಿಕೆ ಸೀಮೆಯಲ್ಲಿ ಪಾಠ ಮಾಡಿದ ಮೇಲೆ ಇದನ್ನು ಹೇಳಿಕೊಳ್ಳಲು ನಾಚಿಕೆಯೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿ ಬೋರ್ಡೋ ದ್ರಾವಣವನ್ನು ತೋಟಗಳಿಗೆ ತಂದವರು. ಅದೂ ಪಾಠವೇ, ಸಮಾಜದ ಮೇಷ್ಟ್ರಿಗೆ ಬಿಟ್ಟುಕೊಡುತ್ತೇನೆ.

ಆದರೆ ತೋಟದ ಕಥೆಗೆ ಇನ್ನೊಂದು ಮಗ್ಗುಲಿದೆ. ಮಾರನೇ ದಿನ ಒಬ್ಬ ತಾಯಿ ಶಾಲೆಗೆ ಬಂದರು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವರು. ಜಗಳಕ್ಕೆ ಬಂದದ್ದಲ್ಲ, ಮೆತ್ತಗೇ ಕೇಳಿದರು: 'ಮೇಷ್ಟ್ರೇ, ತ್ವಾಟಕ್ಕೆ ಹೋಗದು ಬ್ಯಾಡ ಅಂತ್ಲೇ ಅಲ್ವಾ ಇಸ್ಕೂಲಿಗೆ ಕಳ್ಸದು? ನೀವೂ ತ್ವಾಟಕ್ಕೇ ಕರ್ಕೊಂಡು ಹೋದ್ರೆ?' ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಶಿವಮೊಗ್ಗ ಪೇಟೆಯ ಮಗುವಿಗೆ ಮಣ್ಣು ಮುಟ್ಟುವುದು ಹೊಸ ಅನುಭವ. ದಿನಾ ಸಗಣಿ ಬಾಚಿ ಶಾಲೆಗೆ ಬರುವ ಮಗುವಿಗೆ ನಾವು 'ಪ್ರಕೃತಿಯ ಮಡಿಲಿಗೆ ಬನ್ನಿ' ಅಂದರೆ ಅದು ನಗುತ್ತದೆ. ಆ ಮಗುವಿಗೆ ಬೇಕಾದದ್ದು ಹೊರಗೆ ಹೋಗುವುದಲ್ಲ. ಹೊರಗೆ ತಾನು ಈಗಾಗಲೇ ತಿಳಿದಿರುವುದು ಶಾಲೆಯಲ್ಲಿ ಲೆಕ್ಕಕ್ಕೆ ಬರುವುದು. ಆ ತಾಯಿಗೆ ನಾನು ಮೂರು ತಿಂಗಳ ನಂತರ ಮಗನ ರಸಾಯನಶಾಸ್ತ್ರದ ಪತ್ರಿಕೆ ತೋರಿಸಿದೆ. ಮೊಳೆಯ ಪ್ರಶ್ನೆಗೆ ಪೂರ್ತಿ ಅಂಕ. ಉಳಿದ ಪ್ರಶ್ನೆಗಳಿಗೆ ಹಿಂದಿನ ಹಾಗೇ. ಎರಡನ್ನೂ ತೋರಿಸಿದೆ. ಅವರು ನೋಡಿ, 'ಒಂದಾರೂ ಬಂತಲ್ಲ' ಅಂದರು.

ಮಲೆನಾಡಿನಲ್ಲಿ ಯಾವಾಗ ಹೊರಗೆ ಹೋಗಬೇಕು ಅನ್ನುವುದನ್ನು ಬೇರೆ ಊರಿನ ಕೈಪಿಡಿ ನೋಡಿ ತೀರ್ಮಾನಿಸಬೇಡಿ. ಜೂನ್‌ನಿಂದ ಆಗಸ್ಟ್ ತನಕ ನೀರಿಗೆ ಇಳಿಸುವ ಮಾತೇ ಇಲ್ಲ. ನಮ್ಮಲ್ಲಿ ಬಿಸಿಲಿದ್ದರೂ ಶೃಂಗೇರಿ, ಆಗುಂಬೆ ಕಡೆ ಸುರಿದರೆ ತುಂಗೆ ಏರುತ್ತಾಳೆ. ಹಳ್ಳವೂ ಹಾಗೆಯೇ, ಮೇಲಿನ ಮಳೆ ಕೆಳಗಿನವರಿಗೆ ಹೇಳಿ ಬರುವುದಿಲ್ಲ. ಆ ತಿಂಗಳುಗಳಲ್ಲಿ ಮಳೆ ಅಳೆಯಿರಿ, ಅಣಬೆ ನೋಡಿ, ಮಂಡಗದ್ದೆಯಲ್ಲಿ ರಸ್ತೆ ಬದಿಯಿಂದಲೇ ಬೆಳ್ಳಕ್ಕಿ, ನೀರುಕಾಗೆಗಳ ಗೂಡು ನೋಡಿ. ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಬೇಕಾದದ್ದಿಲ್ಲ, ಉಪ್ಪು, ಹೊಗೆಸೊಪ್ಪು, ಸುಣ್ಣ ಯಾವುದಾದರೂ ನಡೆಯುತ್ತದೆ.

ಹೆದರಬೇಕಾದದ್ದು ಉಣುಗಿಗೆ, ಅಂದರೆ ಉಣ್ಣೆಗೆ. ಅದು ಕಚ್ಚಿ ಬರುವ ಮಂಗನಕಾಯಿಲೆ ಮೊದಲು ಗುರುತಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಡೀ ಜಗತ್ತಿನ ವೈದ್ಯರ ಪುಸ್ತಕದಲ್ಲಿ ಆ ರೋಗಕ್ಕೆ ನಮ್ಮ ಹಳ್ಳಿಯ ಹೆಸರಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಹಬ್ಬಿ ಜನ ಸತ್ತದ್ದನ್ನು ಇಲ್ಲಿ ಕೂತವರಿಗೆ ಹೇಳಬೇಕಿಲ್ಲ. ಡಿಸೆಂಬರಿನಿಂದ ಮೇ ತನಕ, ಕಾಡು ಒಣಗಿ ತರಗೆಲೆ ಬೀಳುವ ಕಾಲದಲ್ಲಿ ಮರಿ ಉಣುಗುಗಳು ಹೆಚ್ಚು. ನಮ್ಮ ಪ್ರವಾಸದ ಕಾಲವೂ ಅದೇ ಅನ್ನುವುದು ದುರದೃಷ್ಟ. ನನ್ನ ನಿಯಮ ಇಷ್ಟಿತ್ತು: ಹೊರಡುವ ಹಿಂದಿನ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು, ಇಲ್ಲವೇ ಊರಿನ ಆಶಾ ಕಾರ್ಯಕರ್ತೆಗೆ ಒಂದು ಮಾತು. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಕಾರ್ಯಕ್ರಮ ರದ್ದು, ಚರ್ಚೆಯಿಲ್ಲ. ಇಲ್ಲದಿದ್ದರೂ ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರುವಂತಿಲ್ಲ, ತುಂಬು ತೋಳಿನ ಬಟ್ಟೆ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ, ಮನೆಗೆ ಹೋದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಕಾಡಿನೊಳಗಿನ ಕೆಲಸವನ್ನೆಲ್ಲ ಅಕ್ಟೋಬರ್, ನವೆಂಬರಿನಲ್ಲಿ ಮುಗಿಸಿಕೊಳ್ಳುವುದು ಕ್ಷೇಮ.

ಇನ್ನೊಂದು ಮಾತು, ಗಂಡಸು ಮೇಷ್ಟ್ರುಗಳ ಕಿವಿಗೆ. ಎಂಟು, ಒಂಬತ್ತನೇ ತರಗತಿಯ ಹೆಣ್ಣುಮಕ್ಕಳು ಹೊರಸಂಚಾರಕ್ಕೆ 'ಮನೇಲಿ ಬ್ಯಾಡ ಅಂದ್ರು' ಅನ್ನುತ್ತಿದ್ದರು. ಅಪ್ಪಂದಿರನ್ನು ಬೈದುಕೊಂಡಿದ್ದೆ. ನಮ್ಮ ಹಿಂದಿ ಮೇಡಂ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, ಮನೆಯವರಲ್ಲ ಬೇಡ ಅಂದದ್ದು, ಮಕ್ಕಳೇ. ಶೌಚಾಲಯ ಎಲ್ಲಿದೆ ಅಂತ ಗೊತ್ತಿಲ್ಲದ ಜಾಗಕ್ಕೆ ಅವರು ಬರುವುದಿಲ್ಲ. ಬಂದರೂ ಬೆಳಗ್ಗೆಯಿಂದ ನೀರು ಕುಡಿಯದೆ ಬರುತ್ತಾರೆ. ನನ್ನ ಯೋಜನೆಯ ಹಾಳೆಯಲ್ಲಿ ಬಸ್ಸಿನ ಚಾಲಕರ ಊಟಕ್ಕೆ ಜಾಗ ಇತ್ತು, ಇದಕ್ಕೆ ಇರಲಿಲ್ಲ. ಆಮೇಲಿನಿಂದ ಮುಂಚೆ ಹೋಗಿ ಜಾಗ ನೋಡಿ ಬರುವ ಕೆಲಸಕ್ಕೆ ಒಬ್ಬ ಶಿಕ್ಷಕಿ ಕಡ್ಡಾಯ.

ಈಗ ಮಕ್ಕಳು ಕಲಿತದ್ದನ್ನು ತೋರಿಸುವ ಮಾತಿಗೆ ಬರೋಣ. ಹೊರಗೆ ಕಲಿಯುವುದರಿಂದ ಬುದ್ಧಿ ಬೆಳೆಯುತ್ತದೆ, ಒತ್ತಡ ಇಳಿಯುತ್ತದೆ, ಎಲ್ಲವೂ ಆಗುತ್ತದೆ ಅನ್ನುವ ಭಾಷಣ ಬೇಕಾದಷ್ಟಿದೆ. ನನಗೆ ಇಷ್ಟವಾದದ್ದು ಒಂದು ಸಣ್ಣ, ಗಟ್ಟಿ ಕೆಲಸ. ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳನ್ನು ಆರಿಸಿ, ಆರರಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗಿನ ಪೀರಿಯಡ್ ಕೊಟ್ಟರು, ಉಳಿದ ಆರರಲ್ಲಿ ಮೊದಲಿನ ಹಾಗೆಯೇ ಬಿಟ್ಟರು. ಮೂರು ವರ್ಷ ಕಾದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು: ಹೊರಗೆ ಹೋದ ಮಕ್ಕಳಲ್ಲಿ ಶೇ. 30.4ರಷ್ಟು ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂತು, ಹೋಗದವರಲ್ಲಿ ಶೇ. 39.5ರಷ್ಟು ಮಂದಿಗೆ. ನೋಡಿ, ಪವಾಡ ಏನಿಲ್ಲ. ಹೊರಗೆ ಹೋದವರಿಗೂ ಕನ್ನಡಕ ಬಂದಿದೆ. ಆದರೆ ಏನನ್ನು ಅಳೆಯಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದರು, ಹೋಲಿಸುವುದಕ್ಕೆ ಇನ್ನೊಂದು ಗುಂಪಿತ್ತು, ಕಾಯುವ ತಾಳ್ಮೆ ಇತ್ತು. ಆದ್ದರಿಂದಲೇ ಆ ಒಂಬತ್ತು ಅಂಶದ ವ್ಯತ್ಯಾಸವನ್ನು ಯಾರೂ ತಳ್ಳಿಹಾಕಲಾಗಲಿಲ್ಲ.

ನಮ್ಮ ಮಟ್ಟದಲ್ಲಿ ಇದನ್ನೇ ಮಾಡಬಹುದು. ಎ ಸೆಕ್ಷನ್, ಬಿ ಸೆಕ್ಷನ್ ಇರುವ ಶಾಲೆಯಾದರೆ ಮೊದಲ ಅವಧಿಯಲ್ಲಿ ಎ ಹಳ್ಳಕ್ಕೆ, ಎರಡನೇ ಅವಧಿಯಲ್ಲಿ ಬಿ. ಯಾರಿಗೂ ಅನ್ಯಾಯವಿಲ್ಲ, ನಡುವಿನಲ್ಲಿ ಹೋಲಿಕೆ ಸಿಗುತ್ತದೆ. ನಾನು ಮಾಡುತ್ತಿದ್ದದ್ದು ಚಿತ್ರ. ಜೂನಿನಲ್ಲಿ ಎರಡೂ ಸೆಕ್ಷನ್ನಿಗೆ ಖಾಲಿ ಹಾಳೆ ಕೊಟ್ಟು, 'ನಮ್ಮೂರಿನ ನೀರಿನ ದಾರಿಯನ್ನು ಬರೆಯಿರಿ, ಅದರಲ್ಲಿ, ಅದರ ಪಕ್ಕದಲ್ಲಿ ಏನೇನಿದೆಯೋ ಎಲ್ಲ' ಅನ್ನುವುದು. ನವೆಂಬರಿನಲ್ಲಿ ಮತ್ತೆ ಅದೇ ಮಾತು, ಅದೇ ಅಳತೆಯ ಹಾಳೆ. ಹೆಸರು ಕಾಣದ ಹಾಗೆ ಮಡಿಸಿ, ತಾರೀಖು ಹಿಂದೆ ಬರೆದು, ಬೇರೆ ವಿಷಯದ ಮೇಷ್ಟ್ರ ಕೈಗೆ ಕೊಡುವುದು. ಅವರು ಬರೀ ಎಣಿಸಬೇಕು: ಹೆಸರಿಟ್ಟ ಜೀವಿಗಳು ಎಷ್ಟು, ನಮ್ಮೂರಿನಲ್ಲಿ ನಿಜವಾಗಿ ಇರುವ ಜಾಗಗಳು ಎಷ್ಟು. ನಾವೇ ಎಣಿಸಿದರೆ ನಮ್ಮ ಪ್ರೀತಿಯ ಮಕ್ಕಳ ಚಿತ್ರದಲ್ಲಿ ಗೆರೆಯೂ ಮೀನಾಗಿ ಕಾಣುತ್ತದೆ.

ಜೂನಿನ ಚಿತ್ರಗಳನ್ನು ನೀವು ನೋಡಬೇಕು. ತ್ರಿಕೋನದ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ನೀಲಿ ನದಿ, ದಡದಲ್ಲಿ ಒಂದು ತೆಂಗಿನ ಮರ, ಹೆಂಚಿನ ಮನೆ, 'ಮ' ಅಕ್ಷರದ ಹಾಗೆ ನಾಲ್ಕು ಹಕ್ಕಿ. ಸುತ್ತ ಮುಗಿಲುದ್ದ ಅಡಿಕೆ ಮರಗಳ ನಡುವೆ ಹುಟ್ಟಿ ಬೆಳೆದ ಮಗು ತೆಂಗಿನ ಮರ ಬರೆಯುತ್ತದೆ! ಒಬ್ಬಳ ನವೆಂಬರಿನ ಹಾಳೆ ನನ್ನ ಹತ್ತಿರ ಈಗಲೂ ಇದೆ. ಅದರಲ್ಲಿ ಸೂರ್ಯನೇ ಇಲ್ಲ. ಹಳ್ಳ ಮೂರು ಕಡೆ ಸೊಟ್ಟ ತಿರುಗಿದೆ. ಕಾಲುಸಂಕ ಇದೆ, ಅದರ ಒಂದು ಹಲಗೆ ಮುರಿದದ್ದೂ ಇದೆ. ಯಾರದೋ ಬಚ್ಚಲಿನ ಪೈಪು ಹಳ್ಳಕ್ಕೆ ಬಿದ್ದಿದೆ, ಅದರ ಕೆಳಗೆ 'ಇಲ್ಲಿ ಕೊಳವೆ ಹುಳ ಇಲ್ಲ' ಅಂತ ಬರೆದಿದ್ದಾಳೆ. ಮೇಲೆ, ಪೈಪಿಗಿಂತ ಮುಂಚೆ, 'ಇಲ್ಲಿ ಇದೆ'. ಅಡಿಕೆ ಸಿಪ್ಪೆಯ ರಾಶಿ ಇದೆ. ನಾನು ಮೂರು ಪುಟದ ವರದಿ ಬರೆದರೂ ಹೇಳಲಾಗದ್ದನ್ನು ಆ ಎರಡು ಹಾಳೆ ಅಕ್ಕಪಕ್ಕ ಇಟ್ಟರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಅರ್ಧ ನಿಮಿಷದಲ್ಲಿ ನೋಡಿದರು. ಬಚ್ಚಲಿನ ಪೈಪು ಸದಸ್ಯರೊಬ್ಬರ ಮನೆಯದೇ ಆಗಿತ್ತು ಅನ್ನುವುದು ಬೇರೆ ಕಥೆ. ಆ ಸಭೆ ಬೇಗ ಮುಗಿಯಿತು.

ಬದಲಾಗದ್ದನ್ನೂ ಬರೆದಿಡಿ. ಹೊರಗೆ ಹೋದರೆ ಮಾತಾಡದ ಮಕ್ಕಳು ಮಾತಾಡುತ್ತಾರೆ ಅಂದುಕೊಂಡಿದ್ದೆ; ಒಳಗೆ ಮಾತಾಡದ ಒಬ್ಬಳು ಹಳ್ಳದ ಹತ್ತಿರವೂ ಮಾತಾಡಲಿಲ್ಲ. ಹಾವಿನ ಹೆದರಿಕೆ ಕಡಿಮೆಯಾಗಲಿಲ್ಲ. ಕಾಗುಣಿತ ಸುಧಾರಿಸಲಿಲ್ಲ. ಎಲ್ಲವೂ ಒಳ್ಳೆಯದಾಯಿತು ಅನ್ನುವ ವರದಿಯನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ, ಸುಮ್ಮನೆ ಸಹಿ ಹಾಕುತ್ತಾರೆ. ಇದು ಆಯಿತು, ಇದು ಆಗಲಿಲ್ಲ ಅಂತ ಬರೆದ ವರದಿಯನ್ನು ಓದುತ್ತಾರೆ.

ಕಾಗದದ ಬಲ ಬೇಕು ಅನ್ನುವವರಿಗೆ ಅದೂ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ತತ್ವವೇ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸುವುದು. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ಬ್ಯಾಗ್‌ರಹಿತ ದಿನಗಳನ್ನು ಹೇಳುತ್ತದೆ. ಬ್ಯಾಗಿಲ್ಲದೆ ಶಾಲೆಗೆ ಬರುವ ನಮ್ಮ ಸಂಭ್ರಮ ಶನಿವಾರ ಇದೆ, ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಇದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗುವಾಗ ಇವುಗಳ ಹೆಸರಿನ ಜೊತೆ ಯಾವ ಪಾಠ, ಯಾವ ಕಲಿಕಾ ಫಲ ಅಂತ ಒಂದೇ ಪುಟ. ಎರಡನೇ ಪುಟ ಯಾರೂ ತಿರುಗಿಸುವುದಿಲ್ಲ, ನಾನೂ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆಗಿದ್ದೆ, ಗೊತ್ತು.

ಕೊನೆಗೆ ಒಬ್ಬ ಮೇಡಂ ಎದ್ದು ಕೇಳಿದರು: 'ಸಾರ್, ಸೋಮವಾರ ಶುರು ಮಾಡೋದಾದ್ರೆ ಎಷ್ಟು ದುಡ್ಡು ಬೇಕು?' ಲೆಕ್ಕ ಹೇಳಿದೆ. ಎರಡು ಬಿಳಿ ತಟ್ಟೆ, ಬಿಸಿಯೂಟದ ಕೋಣೆಯಲ್ಲಿ ಇರುತ್ತವೆ, ತೊಳೆದು ವಾಪಸು ಕೊಡಿ. ಒಂದು ಖಾಲಿ ಬಾಟಲಿ, ಒಂದು ಸ್ಕೇಲು. ತರಗತಿಗೆ ಆಗುವಷ್ಟು ಖಾಲಿ ಹಾಳೆ, ಎರಡು ಸಲಕ್ಕೆ. ಮತ್ತೆ ಒಂದು ಹಳೇ ಸೊಳ್ಳೆಪರದೆ. ಹರಿದಿದ್ದರೂ ನಡೆಯುತ್ತದೆ, ದೊಡ್ಡ ತೂತು ಮಾತ್ರ ಹೊಲಿದುಕೊಳ್ಳಿ.